ಆರನೆಯ ಮೇಣದಬತ್ತಿ

ಮರದ ಬೋಗುಣಿಯ ಅಂಚಿಗೆ ನಾಜಿಪ್ ಆರು ಮೇಣದಬತ್ತಿ ಅಂಟಿಸಿದ್ದ. ಅನಿಸಾ ಎರಡು ಸಲ ಎಣಿಸಿದಳು. ಈ ಮನೆಯಲ್ಲಿ ಸತ್ತವರು ಐದೇ ಮಂದಿ.

"ಆರನೇದು ಯಾರಿಗೆ, ಭಾವ?"

"ಗೊತ್ತಿಲ್ಲದವಳ ಹಾಗೆ ಕೇಳ್ತೀಯಲ್ಲ. ನಿನ್ನ ಗಂಡನಿಗೆ. ಎರಡು ವರ್ಷದಿಂದ ನನ್ನ ತಮ್ಮ ಆ ಕಡೆ ಹಸ್ಕೊಂಡಿದ್ದಾನೆ. ಎರಡು ಕರು ಸುಮ್ಮನೆ ಸತ್ತವಾ?"

"ಕರು ಸತ್ತಿದ್ದು ನೀವು ಬೂಷ್ಟು ಹಿಡಿದ ಹುಲ್ಲು ಹಾಕಿದ್ದಕ್ಕೆ."

"ನೋಡಮ್ಮ, ನಿನ್ನ ಸೊಸೆ ನಾಲಿಗೆ!"

ಅತ್ತೆ ಸರ್ಬಿ ಒಲೆಯ ಮುಂದಿನಿಂದ ತಿರುಗಲಿಲ್ಲ. ಹುಳಿ ಹಿಟ್ಟಿನ ತಬಾನಿ ದೋಸೆಗಳನ್ನು ತಟ್ಟೆಗೆ ಪೇರಿಸುತ್ತಿದ್ದಳು.

ಉತ್ತರದ ತೈಲಬಾವಿಗೆ ದುಡಿಯಲು ಹೋದ ಅನಿಸಾಳ ಗಂಡ ಫಾನಿಸ್ ಒಂದು ದಿನ ಶಿಬಿರದಿಂದ ಕಾಣೆಯಾಗಿದ್ದ. ಪೊಲೀಸರು ಹೊಳೆಯಲ್ಲಿ ಹುಡುಕಿ ಕೈಬಿಟ್ಟಿದ್ದರು. ಆದರೆ ಈ ಏಪ್ರಿಲ್‌ನಲ್ಲಿ ಅನಿಸಾಳಿಗೆ ಅವನದೇ ಫೋನು ಬಂದಿತ್ತು. ಸುರ್ಗುತ್ ಪಟ್ಟಣದಲ್ಲಿದ್ದೇನೆ, ಇಲ್ಲಿ ಒಬ್ಬಳಿದ್ದಾಳೆ, ಅಮ್ಮನಿಗೆ ಹೇಳಬೇಡ ಅಂದಿದ್ದ. ಅವಳು ಹೇಳಲಿಲ್ಲ. ಅವನ ಮಾತಿಗೆ ಬೆಲೆ ಕೊಟ್ಟು ಅಲ್ಲ. ಗಂಡ ಸತ್ತವಳ ಮನೆಗೆ ಊರಿನವರು ಸೌದೆ ತಂದು ಹಾಕುತ್ತಾರೆ. ಗಂಡ ಬಿಟ್ಟವಳನ್ನು ನೋಡಿ ನಗುತ್ತಾರೆ.

ಈಗ ಸುಮ್ಮನಿದ್ದರೆ ಅವನ ಹೆಸರು ಸತ್ತವರ ಜೊತೆ ಸೇರುತ್ತದೆ. ಬದುಕಿರುವವನನ್ನು ಶರತ್ಕಾಲದಲ್ಲಿ ಸತ್ತವರಿಗಿಡುವ ಈ ಊಟಕ್ಕೆ ಕರೆದರೆ ಹಿರಿಯರು ಅವನನ್ನು ತಮ್ಮವನೆಂದೇ ಕರೆದೊಯ್ಯುತ್ತಾರೆ, ಮುಂದಿನ ಕೊಯ್ಲು ಅವನು ನೋಡುವುದಿಲ್ಲ. ಅನಿಸಾ ಇದನ್ನು ಅರ್ಧ ನಂಬಿದ್ದಳು. ನಿನ್ನೆ ಹಿಟ್ಟು ಕಲಸುವಾಗ, ಕರೆಯಲಿ, ಅವನು ಹೋಗಲಿ ಅಂದುಕೊಂಡಿದ್ದಳು.

ಸರ್ಬಿ ಬಂದು ಕೂತಳು. ಮೊದಲ ಬತ್ತಿ ಹಚ್ಚಿ, ತಬಾನಿ ಮುರಿದು ಬೋಗುಣಿಗೆ ಹಾಕಿದಳು.

"ಶೈಮರ್ದಾನ್ ಮಾವ, ನಿಮ್ಮ ಮುಂದೆ ಬೀಳಲಿ. ಮಕ್ಕಳು ಮರಿ, ದನಕರು ಕಾಪಾಡಿ."

ಪ್ರತಿ ಹೆಸರಿಗೂ ಒಂದು ಬತ್ತಿ, ಒಂದು ಚೂರು, ಒಂದು ಗುಟುಕು ಮನೆಯ ಸಾರಾಯಿ. ಐದು ಮುಗಿದವು. ಆರನೆಯದನ್ನು ಹಚ್ಚಲು ಮೂರು ಕಡ್ಡಿ ಬೇಕಾಯಿತು. ಆಮೇಲೆ ಸರ್ಬಿ ತಟ್ಟೆಯ ತಳದಿಂದ ಒಂದು ತಬಾನಿ ಎಳೆದಳು. ಅದರ ಅಂಚು ಕರಕಲಾಗಿತ್ತು.

"ನಿನಗೆ ಸೇರೋ ಹಾಗೇ ಸೀಯಿಸಿದೀನಿ ಮಗಾ," ಅಂದಳು. "ನಿನ್ನ ಮುಂದೆ..."

ಅನಿಸಾ ಅತ್ತೆಯ ಕೈಯಿಂದ ಚೂರು ಕಿತ್ತುಕೊಂಡು ಬಾಯಿಗೆ ತುರುಕಿಕೊಂಡಳು.

"ಥೂ! ಸತ್ತವರ ಪಾಲು ಕಣೇ ಅದು!" ನಾಜಿಪ್ ಎದ್ದು ನಿಂತ.

ಅವಳು ಅಗಿದಳು. ನುಂಗಲು ಹೊತ್ತು ಹಿಡಿಯಿತು. "ಅವನು ಸತ್ತಿಲ್ಲ. ಸುರ್ಗುತ್‌ನಲ್ಲಿದ್ದಾನೆ. ಇನ್ನೊಬ್ಬಳ ಜೊತೆ."

ನಾಜಿಪ್ ಕೂತುಬಿಟ್ಟ. ಸರ್ಬಿ ಆರನೆಯ ಬತ್ತಿಯನ್ನು ಬೆರಳಲ್ಲೇ ಹಿಸುಕಿ ಆರಿಸಿ, ಕಿತ್ತು ಮಡಿಲಲ್ಲಿಟ್ಟುಕೊಂಡಳು.

"ಯಾವಾಗಿಂದ ಗೊತ್ತು?"

"ಏಪ್ರಿಲ್‌ನಿಂದ."

"ಏಪ್ರಿಲ್." ಮುದುಕಿ ತಲೆಯಾಡಿಸಿದಳು. "ಬೇಸಗೆಯೆಲ್ಲ ನಾನು ಅಳ್ತಿದ್ದೆ. ನೀನು ನನಗೆ ಚಾ ಕಾಯಿಸಿ ಕೊಡ್ತಿದ್ದೆ."

ಸರ್ಬಿ ಮಗನತ್ತ ತಿರುಗಿದಳು.

"ನಾಜಿಪ್, ಬೋಗುಣಿ ನಾಯಿಗಳಿಗೆ ಹಾಕ್ಬಾ. ಹಿರಿಯರು ಕಾಯ್ತಿದಾರೆ."

ಅವನು ಬೋಗುಣಿ ಹೊತ್ತು ಹೋದ. ಅಂಗಳದಲ್ಲಿ ನಾಯಿಗಳು ಕಚ್ಚಾಡದೆ ತಿನ್ನುವುದು ಕೇಳಿಸಿತು. ಅದು ಒಳ್ಳೆಯ ಲಕ್ಷಣ, ಹಿರಿಯರಿಗೆ ಊಟ ಸೇರಿತು ಅಂತ.

ಸರ್ಬಿ ಜಿಡ್ಡು ಕೈಯನ್ನು ಸೊಸೆಯ ಮುಂದೆ ಚಾಚಿದಳು.

"ಫೋನ್ ಕೊಡು. ನಂಬರ್ ಒತ್ತಿ ಕೊಡು. ಎತ್ತಿದರೆ ನೀನು ಮಾತಾಡಬೇಡ."