ಹೊಂಬಾಳಮ್ಮನ ಗಾಡಿ ಕೊಟ್ಟಿಗೆ

ಎತ್ತುಗಳನ್ನು ಮಾರಿದ ಮೇಲೆ ಬಿಳಿಗೆರೆಯ ಹೊಂಬಾಳಮ್ಮನವರ ಗಾಡಿ ಕೊಟ್ಟಿಗೆ ಖಾಲಿ ಬಿದ್ದಿತ್ತು. ನನ್ನ ಹಳೇ ಅಂಬಾಸಿಡರ್ ನಿಲ್ಲಿಸಲು ಜಾಗ ಕೇಳಿದೆ. ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಎಂದರು.

"ಊರ ತುಂಬ ಜಾಗ ಬಿಟ್ಟಿ ಬಿದ್ದೈತೆ. ಐದು ಕೊಡ್ತೀನಿ ಕಣಮ್ಮ" ಎಂದೆ.

"ಹಂಗಾದ್ರೆ ಅಲ್ಲೇ ನಿಲ್ಸ್ಕೊಳಪ್ಪ" ಎಂದರು.

ಸಿಟ್ಟಿನಲ್ಲಿ ಕಾರನ್ನು ತೋಟದ ಅಂಚಿನ ನೆರಳಿಗೆ ಬಿಟ್ಟೆ. ಬಿಟ್ಟಿ ಸಿಗುವ ನೆರಳೆಲ್ಲ ತೆಂಗಿನ ಮರದ್ದೇ ಎಂಬುದು, ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ. ಮೂರನೇ ದಿನ ಒಣಕಾಯೊಂದು ಬಿದ್ದು ಮುಂದಿನ ಗಾಜು ಪುಡಿಯಾಯಿತು.

ತಲೆ ತಗ್ಗಿಸಿಕೊಂಡು ಹೋಗಿ, "ಇಪ್ಪತ್ತೈದು ಕೊಡ್ತೀನಿ" ಎಂದೆ.

ಹೊಂಬಾಳಮ್ಮ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಒಡೆದಿದ್ದು ನಿನ್ನ ಗಾಜು ಕಣಪ್ಪ. ನನ್ನ ಕೊಟ್ಟಿಗೆ ಮೊನ್ನೆ ಇದ್ದಂಗೇ ಐತೆ. ಹತ್ತೇ ಕೊಡು."