ಮಂಚಮ್ಮ ಸಭೆಗೆ ಬಂದದ್ದು

ಕೊತ್ತತ್ತಿಯಲ್ಲಿ ನಾಟಿ ಶುರುವಾಯಿತೆಂದರೆ ಮಹಿಳಾ ಸಂಘದ ಸಭೆ ಸೊರಗಿಹೋಗುತ್ತದೆ. ಒಬ್ಬಳು ಗದ್ದೆಯಿಂದ ಬಂದವಳೇ ಮಲಗಿಬಿಡುತ್ತಾಳೆ. ಒಬ್ಬಳ ಮಗುವಿಗೆ ಜ್ವರ. ಇನ್ನೊಬ್ಬಳು ಡೈರಿಗೆ ಹಾಲು ಹಾಕಬೇಕು. ಸಮುದಾಯ ಭವನದ ಜಗುಲಿಯ ಮೇಲೆ ಚಾಪೆ ಹಾಸಿ ಕಾಯುವ ಅಧ್ಯಕ್ಷೆ ಮಾಯಮ್ಮನ ಜೊತೆ ಕಡೆಗೆ ಉಳಿಯುವವರು ಮೂರೋ ನಾಲ್ಕೋ ಜನ. ಅವರೇ ಎಲ್ಲರ ಪರವಾಗಿ ತೀರ್ಮಾನ ಮಾಡಿ ಎದ್ದು ಬರುತ್ತಿದ್ದರು.

ಈ ಸಲದ ತೀರ್ಮಾನ ಚಿಕ್ಕದಲ್ಲ. ನಾಲೆಯಲ್ಲಿ ಬಟ್ಟೆ ಒಗೆಯಲು ಸೋಪಾನಕಟ್ಟೆ ಕಟ್ಟಿಸುತ್ತೇವೆ, ಜಾಗ ನೀವೇ ತೋರಿಸಿ ಎಂದು ಪಂಚಾಯ್ತಿಯವರು ಹೇಳಿದ್ದರು. ಗುರುತು ಹಾಕಲು ನಾಳೆ ಬೆಳಿಗ್ಗೆಯೇ ಬರುತ್ತಾರೆ. ಮಾಯಮ್ಮ ಮನಸ್ಸಿನಲ್ಲಿ ಜಾಗ ಆರಿಸಿ ಆಗಿತ್ತು: ನಾಲೆ ತಿರುಗುವಲ್ಲಿ, ಹೊಂಗೆ ಮರದ ಕೆಳಗೆ. ಮದುವೆಯಾಗಿ ಬಂದ ಹೊಸತರಲ್ಲಿ ತವರು ನೆನಪಾದಾಗಲೆಲ್ಲ ಅವಳು ಹೋಗಿ ಕೂರುತ್ತಿದ್ದದ್ದು ಅಲ್ಲೇ. ಕಣ್ಣು ಮುಚ್ಚಿದರೆ ಸಾಕು, ನೆರಳಿನಲ್ಲಿ ತಣ್ಣಗಿರುವ ಮೆಟ್ಟಿಲು, ನೀರಿನ ಮೇಲೆ ತೇಲಿಹೋಗುವ ಹೊಂಗೆ ಹೂವು, ಮಾತಾಡುತ್ತಾ ಸೀರೆ ಹಿಂಡುವ ಹೆಂಗಸರು ಎಲ್ಲ ಕಾಣುತ್ತಿತ್ತು. ಆ ಹೆಂಗಸರ ನಡುವೆ ಮಂಚಮ್ಮನೂ ಇರುತ್ತಿದ್ದಳು.

ಮಂಚಮ್ಮ ಸಂಘ ಕಟ್ಟಿದ ದಿನದಿಂದಲೂ ಮಾಯಮ್ಮನ ಗೆಳತಿ. ಬೇಸಿಗೆಯಲ್ಲಿ ನಾಲೆ ಏರಿಯ ಮೇಲೆ ಎಲ್ಲೋ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತೆವಳಿಕೊಂಡು ರಸ್ತೆಗೆ ಬಂದು ಒರಗಿದ್ದವಳನ್ನು ಹಾಲಿನ ಗಾಡಿಯವರು ನೋಡಿ ಆಸ್ಪತ್ರೆಗೆ ಸೇರಿಸಿದ್ದರು. ಈಗ ಚಿಕ್ಕರಸಿನಕೆರೆಯಲ್ಲಿ, ಮಗಳು ನಾಗಮಣಿಯ ಮನೆಯಲ್ಲಿ ಮಲಗಿದ್ದಾಳೆ.

"ಅತ್ತೆ, ಇವತ್ತು ಸಭೆನ ಫೋನಲ್ಲೇ ಮಾಡನ," ಎಂದಳು ಸೊಸೆ ದೀಪಿಕ. ಮಂಡ್ಯದ ಕಾಲೇಜಿನಲ್ಲಿ ಓದುವಾಗ ಅವಳು ಹೀಗೆ ಎಷ್ಟೋ ತರಗತಿಗೆ ಕೂತಿದ್ದವಳು. "ಎಲ್ಲಾರೂ ಅವ್ರವ್ರ ಮನೇಲೇ ಕೂತ್ಕಂಡು ವಿಡಿಯೋಲಿ ಬತ್ತಾರೆ."

"ಮೊಕಕ್ಕೆ ಮೊಕ ಕೊಟ್ಟು ಕೂರ್ದೆ ಅದ್ಯಾವ ಸೀಮೆ ಸಭೆ ಕಣವ್ವ? ಫೋನಲ್ಲಿ ಜಗಳ ಆಡ್ಬೋದು. ಸಭೆ ಮಾಡಕಾಗಾಕಿಲ್ಲ."

"ಜಗಳನೂ ಆಡಿ ಅತ್ತೆ. ಒಬ್ಬೊಬ್ರೇ ಆಡಿ, ಅಷ್ಟೇಯ."

ದೀಪಿಕ ಸಂಘದ ಗುಂಪಿಗೆ ಮೆಸೇಜು ಹಾಕಿದಳು. ದೀಪ ಹಚ್ಚುವ ಹೊತ್ತಿಗೆ ಸಭೆ, ಮಾತು ಒಂದೇ: ಸೋಪಾನಕಟ್ಟೆ ಎಲ್ಲಿ ಬೇಕು? ದೊಡ್ಡ ಫೋನ್ ಇಲ್ಲದವರು ಪಕ್ಕದ ಮನೆಯವರ ಜೊತೆ ಕೂರಲಿ. ಯಾರಿಗಾದರೂ ಬರಲಾಗದಿದ್ದರೆ ಮೊದಲೇ ಫೋನ್ ಮಾಡಿ ಅಭಿಪ್ರಾಯ ಹೇಳಲಿ, ಸಭೆಯಲ್ಲಿ ನಾನು ಓದುತ್ತೇನೆ.

ಸಂಜೆ ಮುಖಗಳು ಒಂದೊಂದಾಗಿ ಮೂಡಿದವು. ದೂರದ ಮನೆಗಳ ಕಿಟಕಿಯಲ್ಲಿ ಬೆಳಕು ಹತ್ತಿದ ಹಾಗೆ ಕಂಡಿತು ಮಾಯಮ್ಮನಿಗೆ. ಬಾಣಂತನಕ್ಕೆ ಹೊಳಲಿನ ತವರಿಗೆ ಹೋಗಿದ್ದ ಅರ್ಪಿತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಂದು ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು, ಇನ್ನೊಂದರಲ್ಲಿ ಎಮ್ಮೆ ಅರಚುತ್ತಿತ್ತು. ಎಲ್ಲರೂ ಒಟ್ಟಿಗೆ ಮಾತಾಡಿ ಯಾರ ಮಾತೂ ಯಾರಿಗೂ ತಿಳಿಯಲಿಲ್ಲ.

"ನಾನ್ ಯೋಳ್ನಿಲ್ವಾ?" ಎಂದಳು ಮಾಯಮ್ಮ.

"ಎಲ್ಲಾರೂ ಮೈಕ್ ಆಫ್ ಮಾಡ್ಕಳಿ," ಎಂದಳು ದೀಪಿಕ ಮೆಲ್ಲಗೆ. "ನಾನು ಹೆಸರು ಕೂಗ್ದಾಗ ಮಾತ್ರ ಆನ್ ಮಾಡಿ. ಮಧ್ಯ ಏನಾರ ಯೋಳ್ಬೇಕು ಅಂದ್ರೆ ಕೈ ಎತ್ತಿ, ನಾನು ನೋಡ್ತೀನಿ."

ಸದ್ದೆಲ್ಲ ಕೆಳಗಿಳಿದು ಮುಖಗಳಷ್ಟೇ ಉಳಿದವು. ಮಾಯಮ್ಮ ಮೊದಲು ತನ್ನ ಹೊಂಗೆ ಮರದ ಜಾಗ ಹೇಳಿದಳು. ಜಗುಲಿಯಲ್ಲಿ ಯಾವತ್ತೂ ಬಾಯಿ ಬಿಡದವರ ದನಿಯೂ ಒಂದೊಂದಾಗಿ ಬಂತು. ಎಲ್ಲರದೂ ಒಂದೇ ಮಾತು: "ಮಾಯಕ್ಕ ಯೋಳ್ದಂಗೇ ಆಗ್ಲಿ, ಹೊಂಗೆ ಮರದ ತಾವೇ ಮಾಡ್ಲಿ."

"ಆಯ್ತಲ್ಲ, ಮುಗಿಸವ್ವ," ಎಂದಳು ಮಾಯಮ್ಮ.

"ಮಂಚಮ್ಮಕ್ಕನ್ನ ಇನ್ನೂ ಕೇಳಿಲ್ಲ ಅತ್ತೆ. ಸುಮ್ನೆ ಕೂತಿರೋರ್ನ ಕೇಳ್ದೆ ಸಭೆ ಮುಗಿಸ್ಬಾರ್ದು."

ಮಂಚಮ್ಮನ ಮುಖ ಒಮ್ಮೆ ಮೂಡಿ ಅಲ್ಲೇ ನಿಂತುಬಿಟ್ಟಿತು. ನೆಟ್‌ವರ್ಕ್ ಸಾಲದು. "ನಾಗಮಣಿ, ವಿಡಿಯೋ ಆಫ್ ಮಾಡವ್ವ, ಮಾತಾದ್ರೂ ಬರ್ಲಿ," ಎಂದಳು ದೀಪಿಕ. ಮುಖ ಮರೆಯಾಯಿತು. ಕಪ್ಪು ಚೌಕದೊಳಗಿಂದ ನೀರಿನಡಿಯಿಂದ ಬಂದ ಹಾಗೆ ದನಿ ಬಂತು.

"ಮಾಯಕ್ಕ, ನಾನು ಜಾರಿದ್ದು ಆ ಹೊಂಗೆ ಮರದ ತಾವೇ ಕಣಕ್ಕ."

ಮಾಯಮ್ಮ ಫೋನನ್ನು ಹತ್ತಿರಕ್ಕೆ ಹಿಡಿದಳು.

"ನೆರಳಿಗೆ ಪಾಚಿ ಕಟ್ಟ್ಯದೆ ಅಲ್ಲಿ. ತಿರುವಲ್ಲಿ ನೀರು ಸುತ್ತತದೆ, ಕಾಲಿಗೆ ತಳ ಸಿಕ್ಕಾಕಿಲ್ಲ. ಬೇರು ಕೈಗೆ ಸಿಕ್ತು, ಉಳ್ಕಂಡೆ."

"ಇಷ್ಟು ದಿನ ಯಾಕೆ ಯೋಳ್ನಿಲ್ಲ ನೀನು?"

"ಕಾಲು ಎಂಗದೆ ಅಂತ ಎಲ್ಲಾರೂ ಕೇಳುದ್ರು. ಎಲ್ಲಿ ಬಿದ್ದೆ ಅಂತ ಯಾರು ಕೇಳುದ್ರಕ್ಕ?"

ಮಾಯಮ್ಮನ ಕಣ್ಣೊಳಗಿದ್ದ ಆ ತಣ್ಣನೆಯ ಮೆಟ್ಟಿಲುಗಳು ಒಂದೊಂದಾಗಿ ನೀರಿನಲ್ಲಿ ಮುಳುಗಿದವು. ಅಲ್ಲಿ ಕಟ್ಟೆ ಕಟ್ಟಿಸಿದ್ದರೆ ಎಷ್ಟು ಮಕ್ಕಳು ಅಮ್ಮಂದಿರ ಹಿಂದೆ ಇಳಿಯುತ್ತಿದ್ದವೋ.

"ಮತ್ತೆ ಎಲ್ಲಿ ಮಾಡ್ಸನ, ಯೋಳು," ಎಂದಳು.

ಈಗ ಕೈಗಳು ಎದ್ದವು. ದೀಪಿಕ ಹೆಸರು ಕೂಗಿದಳು. ರಸ್ತೆಯಡಿಯ ಮೋರಿ ದಾಟಿದ ಮೇಲೆ ನಾಲೆ ನೆಟ್ಟಗಿದೆ, ಆಳ ಕಮ್ಮಿ ಎಂದಳು ಒಬ್ಬಳು. ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ ಬೇಕು ಎಂದಳು ಮಂಚಮ್ಮ. "ಬಿಸಿಲಾಯ್ತದೆ, ಏರಿ ಮೇಲೆ ಒಂದು ಗಿಡ ನೆಡನ," ಎಂದಳು ಅರ್ಪಿತ. ದೀಪಿಕ ತೀರ್ಮಾನವನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಒಪ್ಪಿದವರು ಕೈ ಎತ್ತಿದರು. ಮಾಯಮ್ಮನೂ ಎತ್ತಿದಳು, ಇಳಿಸುವುದನ್ನೇ ಮರೆತಳು. ಬರಲಾಗದವರಿಗೂ ತಿಳಿಯಲೆಂದು ಅದೇ ಮಾತು ಗುಂಪಿಗೆ ಮೆಸೇಜಾಗಿ ಹೋಯಿತು.

ಬೆಳಿಗ್ಗೆ ಪಂಚಾಯ್ತಿಯವರು ಬಂದಾಗ ನಾಲೆಯ ಮೇಲೆ ಮಂಜು ಹರಡಿತ್ತು. ಮೋರಿಯಾಚೆ ಸುಣ್ಣದ ಗೆರೆ ಎಳೆಯುವುದನ್ನು ಮಾಯಮ್ಮ ತಾನೇ ಫೋನ್ ಹಿಡಿದು ಮಂಚಮ್ಮನಿಗೆ ತೋರಿಸಿದಳು.

"ಯಾಕ್ ಮಂಚಮ್ಮ, ಮಾತಿಲ್ಲ? ನೆಟ್‌ವರ್ಕ್ ಓಯ್ತಾ?"

"ಇಲ್ಲ ಕಣಕ್ಕ. ನೀರು ನೋಡ್ತಾ ಇವ್ನಿ. ಅಂಗೇ ಇಡ್ಕೊ ಒಸಿ ಹೊತ್ತು."

ಮಾಯಮ್ಮ ಕೈ ಅಲುಗಿಸದೆ ಹಿಡಿದು ನಿಂತಳು.

ಅಕ್ಕತಂಗಿಯರೇ, ನಿಮ್ಮ ಸಂಘದಲ್ಲೂ ಹಾಸಿಗೆ ಹಿಡಿದವರು, ಬಾಣಂತಿಯರು, ಬೇರೆ ಊರಿನಲ್ಲಿ ಇರುವವರು ಇದ್ದಾರಲ್ಲವೇ? ಅವರನ್ನು ಬಿಟ್ಟು ತೀರ್ಮಾನ ಮಾಡಬೇಡಿ. ಮುಂದಿನ ಸಭೆಗೆ ಫೋನಿನಲ್ಲೇ ಕರೆಯಿರಿ. ಏನು ಮಾತಾಡುತ್ತೀರೆಂದು ಮೊದಲೇ ತಿಳಿಸಿ, ಒಬ್ಬರಾದ ಮೇಲೆ ಒಬ್ಬರಿಗೆ ಮಾತು ಕೊಡಿ. ಮುಗಿಸುವ ಮುನ್ನ, ಸುಮ್ಮನೆ ಕೂತವರ ಹೆಸರು ಹಿಡಿದು ಒಮ್ಮೆ ಕೇಳಿ.