ಹುಂಜದ ಅಚ್ಚು

"ಇನ್ನೊಂದ್ಸಲ ನಿಲ್ಲಿಸು ಅಂದ್ಯೋ, ನಿನ್ನನ್ನ ಇಲ್ಲೇ ಇಳಿಸಿ ಹೊರಟುಬಿಡ್ತೀನಿ," ಎಂದಳು ರೊಕ್ಕೀನ, ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತ.

ಹಿಂದೆ ಕೂತಿದ್ದ ದಾಮಿಯಾನೊ ಆಗಲೇ ಮೂರು ಸಲ ಕಾರು ನಿಲ್ಲಿಸುವಂತೆ ಮಾಡಿದ್ದ. ಕಡಲತೀರದ ತಾರಾಂತೊ ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಕಾಫಿ ಬೇಕೆಂದ. ಮೆತಪೊಂತೊದ ಹತ್ತಿರ ಇಳಿದು, ಪ್ಯಾಂಟನ್ನೂ ಮಡಚದೆ ಸಮುದ್ರದಲ್ಲಿ ಮೊಣಕಾಲುದ್ದ ನೀರಿಗಿಳಿದು ಸುಮ್ಮನೆ ನಿಂತ. ಆಮೇಲೆ ಯಾರದೋ ಬೇಲಿಯ ಅಂಜೂರದ ಮರ. ಈಗ ಅವನ ಪಕ್ಕದಲ್ಲಿ ಒಂದು ಟೋಪಿ ತುಂಬ ಅಂಜೂರ, ಇನ್ನೊಂದು ಪಕ್ಕದಲ್ಲಿ ಅವನ ಬಟ್ಟೆಯ ಚೀಲ. ಚೀಲದ ಮೇಲಿಟ್ಟ ಕೈಯನ್ನು ಮಾತ್ರ ಅವನು ತೆಗೆದಿರಲಿಲ್ಲ.

"ಬಿಡೇ, ಗಲ್ಲಿಗೆ ಹೋಗೋನಿಗೂ ಕೊನೇ ಆಸೆ ಕೇಳ್ತಾರೆ," ಎಂದ ಮುಂದೆ ಕೂತಿದ್ದ ಕತಾಲ್ದೊ. "ನಾನೇನು ಕಮ್ಮಿಯವನಾ? ಶನಿವಾರದ ದಿನ ಮೀನಂಗಡಿ ಮುಚ್ಚಿ ಬಂದಿದ್ದೀನಿ. ನಮ್ಮಪ್ಪ ಇದ್ದಿದ್ರೆ ಚರ್ಮ ಸುಲಿತಿದ್ದ."

ಶನಿವಾರ, ಭಾನುವಾರ ಬೆಟ್ಟದ ಕಡೆ ತಿರುಗಾಡಿ ಬರೋಣ, ಹೊಸ ದ್ರಾಕ್ಷಾರಸ ಸಿಕ್ಕರೆ ಕುಡಿಯೋಣ ಅಂತ ಮನೆಯಲ್ಲಿ ಹೇಳಿ ಹೊರಟಿದ್ದರು. ನಿಜವಾಗಿ ಹೊರಟದ್ದು ಯಾತಕ್ಕೆಂದು ಮೂವರಿಗೂ ಗೊತ್ತಿತ್ತು. ದಾಮಿಯಾನೊನ ಅಪ್ಪ ಎಜಿಡಿಯೊ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಬೆಟ್ಟದೂರಿನಲ್ಲಿ ಎಜಿಡಿಯೊನ ತಾಯಿ ಇಂಕೊರೊನಾತ ಇನ್ನೂ ಬದುಕಿದ್ದಳು. ಆಕೆಗೆ ಸುದ್ದಿ ಮುಟ್ಟಿಸಿದವರಿಲ್ಲ. ಇದು ಸೆಪ್ಟೆಂಬರ್.

ಎಜಿಡಿಯೊ ಇಪ್ಪತ್ತೆರಡನೇ ವಯಸ್ಸಿಗೆ ಅಪ್ಪನ ಜೊತೆ ಜಗಳವಾಡಿ, ಉಕ್ಕಿನ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಊರು ಬಿಟ್ಟವನು. ಹೋಗುವಾಗ ಸಿಟ್ಟಿಗೆ ಮನೆಯ ಬ್ರೆಡ್ಡಿನ ಅಚ್ಚನ್ನು ಜೇಬಿಗೆ ಹಾಕಿಕೊಂಡು ಹೋದ. ಅಂಗೈಯಷ್ಟು ಮರದ ತುಂಡು, ಅಡಿಯಲ್ಲಿ ಕೆತ್ತಿದ ಹುಂಜ. ಆ ಊರಿಗೆಲ್ಲ ಇರುವುದು ಒಂದೇ ದೊಡ್ಡ ಒಲೆ. ಶನಿವಾರ ಎಲ್ಲ ಮನೆಗಳ ಬ್ರೆಡ್ಡೂ ಅದರಲ್ಲೇ ಬೇಯಬೇಕು, ಯಾರದು ಯಾವುದೆಂದು ತಿಳಿಯಲು ಹಿಟ್ಟಿನ ಮೇಲೆ ಮನೆಮನೆಯ ಅಚ್ಚು ಒತ್ತುತ್ತಾರೆ. ತಾರಾಂತೊದಿಂದ ಆ ಊರಿಗೆ ನೂರು ಕಿಲೋಮೀಟರೂ ಇಲ್ಲ. ಇಪ್ಪತ್ತಾರು ವರ್ಷ ಎಜಿಡಿಯೊಗೆ ಅಷ್ಟು ದೂರ ದಾಟಲಾಗಲಿಲ್ಲ. ತನ್ನ ಅಪ್ಪ ಸತ್ತ ಮೇಲೂ ಹೋಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

"ಅಜ್ಜಿ ನನ್ನ ಮುಖಾನೇ ನೋಡಿಲ್ಲ ಕಣೋ," ಎಂದ ದಾಮಿಯಾನೊ. "ನಾನು ನಿನ್ನ ಮೊಮ್ಮಗ, ನಿನ್ನ ಮಗ ಸತ್ತ ಅಂತ ಒಂದೇ ಉಸಿರಲ್ಲಿ ಹೇಳೋದಾ?"

ಕತಾಲ್ದೊ ಹಿಂದೆ ತಿರುಗಿ, ಟೋಪಿಯಿಂದ ಒಂದು ಅಂಜೂರ ಎತ್ತಿ ಅವನ ಕೈಗಿಟ್ಟ.

ಸಮುದ್ರ ಹಿಂದೆ ಬಿದ್ದ ಮೇಲೆ ರಸ್ತೆ ಒಣಗಿದ ಹೊಳೆಯ ಜೊತೆ ಜೊತೆಗೇ ಏರತೊಡಗಿತು. ಎರಡೂ ಕಡೆ ಬಿಳಿ ಜೇಡಿಮಣ್ಣಿನ ಗುಡ್ಡಗಳು, ಗೋಧಿ ಕೊಯ್ದು ಕೂಳೆ ಸುಟ್ಟ ಹೊಲಗಳು. ಬಿಸಿಲಿಗೆ ಸಡಿಲವಾದ ಕ್ಯಾಸೆಟ್ಟು ಹಾಡನ್ನು ಎಳೆದೆಳೆದು ಹಾಡುತ್ತಿತ್ತು. ಕಾರು ಹೋಗುತ್ತಿದೆಯೋ, ಗುಡ್ಡಗಳೇ ಹಿಂದಕ್ಕೆ ಜಾರುತ್ತಿವೆಯೋ ಹೇಳಲಾಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಊರು ಕಾಣಿಸಿತು. ಬಿಸಿಲ ಮಬ್ಬಿನ ಮೇಲೆ ಬರೀ ಮನೆಗಳು, ಕೆಳಗೆ ಬೆಟ್ಟವೇ ಇಲ್ಲವೇನೋ ಎಂಬಂತೆ. ದಾಮಿಯಾನೊ ಈ ಸಲ ನಿಲ್ಲಿಸು ಎನ್ನಲಿಲ್ಲ.

ಊರ ಅಂಚಿನಲ್ಲಿ ಮುದುಕಿಯೊಬ್ಬಳು ಬೀದಿಗೆ ಬೆನ್ನು ಹಾಕಿ, ತನ್ನ ಬಾಗಿಲಿಗೆ ಮುಖ ಮಾಡಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಯಾರ ಮನೆಯವನಪ್ಪಾ ನೀನು?" ಎಂದಳು, ಕಾರಿಳಿದು ಬಂದ ದಾಮಿಯಾನೊನತ್ತ ತಿರುಗದೆ.

"ತಾರಾಂತೊದಿಂದ ಬಂದೆ."

"ಊರು ಕೇಳಲಿಲ್ಲ. ಮನೆ ಕೇಳಿದೆ."

ದಾಮಿಯಾನೊ ರೊಕ್ಕೀನಳತ್ತ ನೋಡಿದ. ಇಂಕೊರೊನಾತಜ್ಜಿಯ ಮನೆ ಎಲ್ಲಿ ಎಂದು ರೊಕ್ಕೀನಳೇ ಕೇಳಿದಳು.

"ಶನಿವಾರ ಮನೇಲ್ಯಾಕೆ ಇರ್ತಾಳೆ? ಒಲೆ ಹತ್ರ ನೋಡಿ."

ಒಲೆಯ ಮುಂದೆ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಒಲೆಯವನು ನುನ್ಸಿಯೊ ಉದ್ದ ಹಿಡಿಯ ಹಲಗೆಯಿಂದ ಹಿಟ್ಟಿನ ಮುದ್ದೆಗಳನ್ನು ಒಂದೊಂದಾಗಿ ಬೆಂಕಿಯ ಬಾಯಿಗೆ ತಳ್ಳುತ್ತಿದ್ದ. ಒಂದರ ಮೇಲೆ ಮೀನು, ಒಂದರ ಮೇಲೆ ನಕ್ಷತ್ರ, ಇನ್ನೊಂದರ ಮೇಲೆ ಬೀಗದ ಕೈ. ಕೊನೆಯ ಮುದ್ದೆಯ ಮೇಲೆ ಏನೂ ಇರಲಿಲ್ಲ.

"ಇದಕ್ಕೆ ಅಚ್ಚೇ ಒತ್ತಿಲ್ಲವಲ್ಲ ಯಜಮಾನರೇ," ಎಂದ ಕತಾಲ್ದೊ. ಅವನಿಗೆ ಎಲ್ಲದಕ್ಕೂ ಮೂಗು ತೂರಿಸಲೇಬೇಕು.

"ಅಚ್ಚಿಲ್ಲದ್ದು ಅಂದ್ರೆ ಇಂಕೊರೊನಾತಕ್ಕಂದು. ಹೊಸದು ಕೆತ್ತಿಕೊಡ್ತೀನಿ ಅಂತ ಎಷ್ಟು ಸಲ ಹೇಳಿಲ್ಲ? ಒಂದಿದೆಯಲ್ಲ, ಬರುತ್ತೆ ಬಿಡು ಅಂತಾಳೆ."

ಗೋಡೆಗೊರಗಿ ಕಲ್ಲಿನ ಮೇಲೆ ಕೂತಿದ್ದ ಕಪ್ಪು ಬಟ್ಟೆಯ ಮುದುಕಿ ತನ್ನ ಹೆಸರು ಕೇಳಿ ತಲೆಯೆತ್ತಿದಳು. ದಾಮಿಯಾನೊ ಆಕೆಯ ಮುಂದೆ ಹೋಗಿ ನಿಂತ. ಚೀಲಕ್ಕೆ ಕೈ ಹಾಕಿದ, ಅಚ್ಚು ತೆಗೆದು ಮುಂದೆ ಹಿಡಿದ, ಅಷ್ಟೇ.

ಅಜ್ಜಿ ಮೊದಲು ಅಚ್ಚನ್ನು ನೋಡಿದಳು, ಆಮೇಲೆ ಅವನ ಮುಖವನ್ನು. ಮತ್ತೆ ಅಚ್ಚನ್ನು ನೋಡಿದಳು.

"ಯಾವಾಗ?" ಎಂದಳು.

"ಫೆಬ್ರವರೀಲಿ, ಅಜ್ಜಿ."

"ಬದುಕಿದ್ದಿದ್ರೆ ಇನ್ನೊಬ್ಬರ ಕೈಗೆ ಕೊಡೋನಲ್ಲ ಅವನು." ಆಕೆಯ ದನಿ ಏರಲಿಲ್ಲ. "ಏಳು ತಿಂಗಳಿಂದ ಸತ್ತವನಿಗೆ ಆಯಸ್ಸು ಕೊಡು ಅಂತ ದೇವರನ್ನ ಕೇಳ್ಕೊಳ್ತಾ ಇದ್ದೀನಲ್ಲೋ, ಮಗಾ."

ದಾಮಿಯಾನೊ ಅಲ್ಲೇ ನೆಲಕ್ಕೆ ಕುಸಿದು, ಆಕೆಯ ಮೊಣಕಾಲಿಗೆ ತಲೆಯಿಟ್ಟು ಅತ್ತ. ತಡ ಮಾಡಿದ್ದಕ್ಕೆ ಅತ್ತನೋ, ಅಪ್ಪನಿಗಾಗಿ ಅತ್ತನೋ, ಎರಡೂ ಇದ್ದಿರಬೇಕು.

ನುನ್ಸಿಯೊನ ಹಲಗೆಯ ಮೇಲೆ ಅಚ್ಚಿಲ್ಲದ ಮುದ್ದೆ ಒಲೆಯ ಬಾಯಿಗೆ ಬಂದು ನಿಂತಿತ್ತು. "ಅದನ್ನ ಇಳಿಸು, ನುನ್ಸಿಯೊ," ಎಂದಳು ಅಜ್ಜಿ. "ಸಾವಿನ ಮನೆ ಬ್ರೆಡ್ಡು ಬೇಯೋ ಹಾಗಿಲ್ಲ."

"ಏಳು ತಿಂಗಳಾಯ್ತಲ್ಲ, ಅಕ್ಕಾ..."

"ಸುದ್ದಿ ಬಂದ ದಿನವೇ ಸತ್ತ ದಿನ ಕಣೋ," ಎಂದು ಹೆಂಗಸರಲ್ಲೊಬ್ಬಳು ಅವನ ಬಾಯಿ ಮುಚ್ಚಿಸಿದಳು. ರೊಕ್ಕೀನ ಮುದ್ದೆಯನ್ನು ಬಟ್ಟೆಯಲ್ಲಿ ಮುಚ್ಚಿ, ಎತ್ತಿಕೊಂಡು ಅಜ್ಜಿಯ ಹಿಂದೆ ನಡೆದಳು.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಮೇಜಿನ ಮೇಲೆ ಜಾಗವಿರಲಿಲ್ಲ. ನೆರೆಯವರು ಬಂದರು, ಬಿಸಿ ಸಾರಿನ ಪಾತ್ರೆ ಇಟ್ಟರು, ಬ್ರೆಡ್ಡು ಇಟ್ಟರು, ಎರಡು ಮಾತಾಡಿ ಹೋದರು. ಮೀನಿನ ಗುರುತಿನ ಬ್ರೆಡ್ಡು, ನಕ್ಷತ್ರದ್ದು, ಬೀಗದ ಕೈಯದ್ದು. ಕತಾಲ್ದೊ ತನ್ನ ಪಾಲಿನದೆಂದು, ದಾಮಿಯಾನೊ ಕದ್ದು ತಂದ ಅಂಜೂರಗಳನ್ನೇ ತಟ್ಟೆಗೆ ಸುರಿದ.

"ಪ್ಯಾಂಟಿಗೆ ಅದೇನು ಬೆಳ್ಳಗೆ?" ಅಜ್ಜಿ ದಾಮಿಯಾನೊನನ್ನು ಕೇಳಿದಳು.

"ಸಮುದ್ರದ ಉಪ್ಪು, ಅಜ್ಜಿ."

"ಅವನು ಹೋಗ್ತಿದ್ನಾ, ಸಮುದ್ರಕ್ಕೆ?"

"ಭಾನುವಾರ ಭಾನುವಾರ. ಗಾಳ ಹಿಡ್ಕೊಂಡು."

"ಗಾಳ ಏನೋ ಇತ್ತು," ಎಂದ ಕತಾಲ್ದೊ. "ಮೀನು ನನ್ನಂಗಡೀದು. ಅಲ್ಲಿ ಕೊಂಡು, ಮನೇಲಿ ತಾನೇ ಹಿಡಿದೆ ಅಂತ ಜಂಬ ಹೊಡೀತಿದ್ರು."

ಅಜ್ಜಿ ನಕ್ಕಳು. ನಕ್ಕು ಸೆರಗಿನಂತೆ ಹೊದ್ದಿದ್ದ ಕಪ್ಪು ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡಳು. "ಚಿಕ್ಕಂದಿನಿಂದ ಸುಳ್ಳ," ಎಂದಳು. ಆ ಮಾತಿನಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ರೊಕ್ಕೀನ ಎದ್ದು ಕಿಟಕಿಯ ಹತ್ತಿರ ಹೋದಳು.

ಮೂಲೆಯಲ್ಲಿ ಬೇಯದ ಹಿಟ್ಟು ಬಟ್ಟೆಯನ್ನು ಮೇಲೆತ್ತಿಕೊಂಡು ಉಬ್ಬುತ್ತಲೇ ಇತ್ತು. ಅಜ್ಜಿ ನಿಧಾನವಾಗಿ ಎದ್ದು ಹೋಗಿ ಬಟ್ಟೆ ಸರಿಸಿದಳು. ಅಚ್ಚನ್ನು ಮಡಿಲಿಗೆ ಒರೆಸಿ, ಎರಡೂ ಕೈಯಿಂದ ಒತ್ತಿ ತೆಗೆದಳು. ಹುಂಜ ಜುಟ್ಟು, ಬಾಲ ಸಮೇತ ನಿಂತಿತು.

ದಾಮಿಯಾನೊ ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತ. ಹಿಟ್ಟು ಒತ್ತಿದ ಗುರುತನ್ನು ತುಂಬುತ್ತ ಏರುತ್ತಿತ್ತು. ಮೊದಲು ಜುಟ್ಟು ಮಸುಕಾಯಿತು, ಆಮೇಲೆ ಬಾಲ. ಇಬ್ಬರೂ ನೋಡುತ್ತ ಕೂತರು.